ಇಳಿಯದ ಕೈಗಳು

ಎರಡು ಅಂಗೈಗಳು ಎದೆಯ ಮುಂದೆ ಕೂಡಿದ ಕ್ಷಣಕ್ಕೆ ಮೋನಮ್ಮ ಗೊಂಬೆಯನ್ನು ನಿಲ್ಲಿಸಿದಳು. ಕಂಪ್ಯೂಟರಿನ ಪರದೆಯ ಮೇಲೆ ಐವತ್ತರ ಪ್ರಾಯದ ಭಗವಂತರಾಯ ರುಮಾಲು ಸುತ್ತಿ, ಕರಿಮೀಸೆ ಹುರಿ ಮಾಡಿ, ಕೈ ಮುಗಿದು ನಿಂತಿದ್ದ. ಅವಳು ನೋಡುತ್ತ ಕುಳಿತಳು. ಅವನು ನಿಂತೇ ಇದ್ದ. ಬೆಳಗಿನಿಂದ ಚಹಾ ಸಹ ಕಾಣದ ಹೊಟ್ಟೆ ತುಂಬಿದಂತಾಯಿತು.

ಶಹಾಪುರದ ಬಸ್ ನಿಲ್ದಾಣದ ಹಿಂದೆ, ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಮನ್ಸೂರಅಲಿಯ ಆಫೀಸು. ಐದು ಕಂಪ್ಯೂಟರು, ಐದು ಜನ. ಕಂಪ್ಯೂಟರಿನೊಳಗಿನ ಊರುಗಳಲ್ಲಿ ಓಡಾಡುವ ಅವತಾರಗಳನ್ನು ಹೈದರಾಬಾದಿನಲ್ಲಿ ಯಾರೋ ಕಡೆದು ಕಳಿಸುತ್ತಾರೆ. ಅವಕ್ಕೆ ಜೀವ ಬರುವುದು ಇಲ್ಲಿ. ಮೋನಮ್ಮನದು ಹೊತ್ತು ಹಿಡಿಯುವ ಕೆಲಸ. ಕರೆದರೆ ಗೊಂಬೆ ಎಷ್ಟು ಹೊತ್ತಿಗೆ ತಿರುಗಬೇಕು, ನಗು ತುಟಿಗೆ ಬಂದು ಎಷ್ಟು ನಿಲ್ಲಬೇಕು, ಮಾತಿನ ನಡುವೆ ಎಷ್ಟು ತಡೆಯಬೇಕು. ಅರ್ಧ ಸೆಕೆಂಡು ತಡವಾಗಿ ತಿರುಗಿದರೆ ಸೊಕ್ಕು, ಅಷ್ಟೇ ಬೇಗ ತಿರುಗಿದರೆ ಅಂಜಿಕೆ. ಇದನ್ನು ಅವಳಿಗೆ ಯಾವ ಕೋರ್ಸಿನವರೂ ಕಲಿಸಿರಲಿಲ್ಲ. ಹುಣಸಗಿ ಕಡೆಯ ಹಳ್ಳಿಯೊಂದರಲ್ಲಿ, ಕಾಲುವೆಯ ತುತ್ತತುದಿಯ ಹೊಲದವನ ಮಗಳಾಗಿ ಹುಟ್ಟಿದವಳು, ದೊಡ್ಡವರ ಮುಖ ಯಾವ ಗಳಿಗೆಗೆ ತಮ್ಮ ಕಡೆ ತಿರುಗೀತು ಎಂದು ಎಣಿಸುತ್ತಲೇ ಬೆಳೆದವಳು.

ಸುರಪುರದ ಕಾಲೇಜೊಂದು ಈಗ ಕಂಪ್ಯೂಟರಿನೊಳಗೂ ಒಂದು ಕಾಲೇಜು ಕಟ್ಟಿಸುತ್ತಿತ್ತು. ಅದರ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಕೈ ಮುಗಿಯುವ ಅವತಾರ ಸುರಪುರದ ಕಾಲೇಜು ಕಟ್ಟಿಸಿದ ಭಗವಂತರಾಯನದೇ ಆಗಬೇಕೆಂದು ಅವನ ಮಗ ಸಂಗಣ್ಣ ಹಳೆಯ ಫೋಟೋಗಳನ್ನು ಕಳಿಸಿದ್ದ. ಲಕೋಟೆ ಬಿಚ್ಚಿದ ದಿನ ಮೋನಮ್ಮ ಊಟದ ಡಬ್ಬಿ ತೆರೆಯಲಿಲ್ಲ.

ಅವಳಿಗೆ ಆಗ ಹತ್ತು ವರ್ಷ. ಕಾಲುವೆಗೆ ನೀರು ಬಂದು ಹೆಚ್ಚು ವರ್ಷವಾಗಿರಲಿಲ್ಲ. ಊರಿಗೆ ನೀರು ಬಿಡುವ ಗೇಟಿನ ಕೀಲಿ ಗೌಡ ಭಗವಂತರಾಯನ ಉಡಿದಾರದಲ್ಲಿ. ಅವಳಪ್ಪ ಅಂಬ್ರಪ್ಪನ ನೀರಿನ ಪಾಳಿ ಬಂದಿತ್ತು, ನೀರು ಬಂದಿರಲಿಲ್ಲ. ಮಗಳ ಕೈ ಹಿಡಿದು ಹೋದ, ಗೌಡರ ಕಟ್ಟೆಯ ಮುಂದೆ ನಿಂತು, "ಶರಣ್ರೀ" ಎಂದು ಕೈ ಮುಗಿದ. ಎದುರಿನವರು ತಿರುಗಿ ಶರಣು ಅನ್ನುವತನಕ ಮುಗಿದ ಕೈ ಇಳಿಸಬಾರದು ಎಂಬುದು ಅಂಬ್ರಪ್ಪ ಕಲಿತ ರೀತಿ. ಭಗವಂತರಾಯ ಅವನನ್ನು ನೋಡಿದ. ಎಲೆ ಹಾಕಿಕೊಂಡ. ಒಳಗೆ ಹೋದ. ಬಿಸಿಲು ನೆತ್ತಿಯಿಂದ ಬೆನ್ನಿಗೆ ಇಳಿಯಿತು. ಸಂಜೆಗೆ ಆಳುಮಗ ದುರಗಪ್ಪ ದನ ಕಟ್ಟಲು ಬಂದವನು, "ಏ ಅಂಬ್ರ, ಕೈ ಇಳಸೋ ಮಾರಾಯ! ಗೌಡ್ರು ಹಿತ್ಲ ಬಾಗಿಲಿಂದ ಯಾವಾಗೋ ಸುರಪುರಕ್ಕ ಹೋಗ್ಯಾರ" ಎಂದ. ಕಟ್ಟೆಯ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಹೊಲ ಹೇಗೋ ಉಳಿಯಿತು, ಹೆಸರು ಉಳಿಯಲಿಲ್ಲ. ಅಂದಿನಿಂದ ಅವನು ಊರಿಗೆಲ್ಲ ಕೈಮುಗುದ ಅಂಬ್ರ. ಸತ್ತ ದಿನ ಎದೆಯ ಮೇಲೆ ಕೈ ಜೋಡಿಸುವಾಗಲೂ ಒಬ್ಬನಿಗೆ ನಗು ತಡೆಯಲಾಗಲಿಲ್ಲ. ಆ ಒಬ್ಬನ ಮುಖ ಮೋನಮ್ಮನಿಗೆ ನೆನಪಿಲ್ಲ. ನಗು ನೆನಪಿದೆ.

"ಏನ್ ಮೋನಮ್ಮಾ, ಮುದುಕನ ಕೈಗೆ ಗೋಂದ ಹಚ್ಚೀಯೇನು? ಇಳೀವಲ್ವಲ್ಲ!" ಮನ್ಸೂರಅಲಿ ಹಿಂದೆ ಬಂದು ನಿಂತಿದ್ದ.

"ಬಂದವ್ರು ತಿರುಗಿ ಶರಣು ಅಂದ ಮ್ಯಾಲ ಇಳೀತಾವ್ರಿ ಸರ್. ಅವ್ರು ಈ ಗುಂಡಿ ಒತ್ತಬೇಕು, ಆಗ ಇಳೀತಾವ."

"ಉಳಿದ ಗೊಂಬಿ ಎಲ್ಲಾ ಎರಡು ಸೆಕೆಂಡಿಗೆ ತಾವ ಇಳಸ್ತಾವಲ್ಲ?"

"ದೊಡ್ಡವರ್ರಿ ಇವರು. ತಾವ ಮೊದಲ ಇಳಸಿದ್ರ ಮಂದಿ ಸೊಕ್ಕು ಅಂತಾರ."

"ಯಾರೂ ಒತ್ತಲಿಲ್ಲಂದ್ರ?"

"ಗೌಡ್ರು ಕೈ ಮುಗುದು ನಿಂತ್ರ ಸುಮ್ನಿರೋ ಗಂಡಸು ಯಾವನದಾನ್ರಿ ಈ ಸೀಮ್ಯಾಗ?"

ಮನ್ಸೂರಅಲಿ ನಕ್ಕ. ಆಮೇಲೆ ನಗು ನುಂಗಿ, "ನೋಡವ್ವ ತಂಗಿ, ಮುಂದಿನ ಕೆಲಸೆಲ್ಲ ಇದರ ಮ್ಯಾಲ ಅದ. ಇದು ಕೆಟ್ಟರ ಆಫೀಸಿಗೆ ಕೀಲಿ ಜಡದು ನಾವೈದು ಮಂದಿ ಮನಿಗೆ ಹೋಗೂದ" ಎಂದ. ಮೋನಮ್ಮ ತಲೆಯಾಡಿಸಿದಳು. ಮನೆಯಲ್ಲಿ ಅವಳ ದುಡಿಮೆಯೊಂದನ್ನೇ ನೆಚ್ಚಿದ ತಾಯಿ, ಇಬ್ಬರು ಮಕ್ಕಳು. ಗೊತ್ತಿತ್ತು. ಗೊತ್ತಿದ್ದೇ ಕೈಗಳನ್ನು ಹಾಗೆ ಬಿಟ್ಟಳು. ಸಂಗಣ್ಣನಂತೂ ನೋಡಿ, "ಏಕದಂ ನಮ್ಮಪ್ಪನ ಸಂಸ್ಕಾರ ಇದು!" ಎಂದು ಹಿಗ್ಗಿದ.

ಉದ್ಘಾಟನೆ ಮಧ್ಯಾಹ್ನ ಮೂರಕ್ಕೆ, ಕಾಲೇಜಿನ ಸಭಾಂಗಣದಲ್ಲಿ. ಹಳ್ಳಿಯಿಂದ ಎರಡು ಟ್ರ್ಯಾಕ್ಟರ್ ಜನ ಬಂದಿದ್ದರು. ಮೊದಲ ಸಾಲಿನಲ್ಲಿ ಎಂಬತ್ತರ ಭಗವಂತರಾಯ ಮಗ ಹೊದಿಸಿದ ಶಾಲಿನೊಳಗೆ ಕುಗ್ಗಿ ಕುಳಿತಿದ್ದ. ಪಕ್ಕದ ಮೇಜಿನಲ್ಲಿ ಕೀಲಿಮಣೆ ಮೋನಮ್ಮನ ಮುಂದೆ. ಮೊದಲ ಅತಿಥಿಯಾಗಿ ಪರದೆಯ ಕಾಲೇಜಿನೊಳಗೆ ಹೋಗಿ ತೋರಿಸುವವಳು ಅವಳೇ. ದೀಪ ಆರಿದವು. ಗೋಡೆಯಷ್ಟಗಲದ ಪರದೆಯಲ್ಲಿ ಬಾಗಿಲು ತೆರೆಯಿತು. ಆಳೆತ್ತರದ ಭಗವಂತರಾಯ ಮುಂದೆ ಬಂದು ಇಡೀ ಸಭೆಗೆ ಕೈ ಮುಗಿದ.

ಚಪ್ಪಾಳೆ ಬಿತ್ತು. ಚಪ್ಪಾಳೆ ಮುಗಿಯಿತು. ಅವನು ಹಾಗೇ ನಿಂತಿದ್ದ. ಮೋನಮ್ಮನ ಬೆರಳು ಗುಂಡಿಯ ಮೇಲಿತ್ತು, ಒತ್ತಲಿಲ್ಲ, ಸೆಕೆಂಡು ಎಣಿಸಿದಳು. ಇಪ್ಪತ್ತು. ಮೂವತ್ತು. ಕುರ್ಚಿಗಳು ಕಿರುಗುಟ್ಟಿದವು. ಐವತ್ತು.

"ಯಪ್ಪಾ, ಕೈ ಇಳಸ್ರಿ ಗೌಡ್ರ, ರಟ್ಟಿ ನೋಯ್ತಾವ!" ಹಿಂದಿನಿಂದ ಯಾರೋ ಕೂಗಿದರು.

ಟ್ರ್ಯಾಕ್ಟರಿನ ಮಂದಿ ಮೊದಲು ಕಿಸಕ್ಕೆಂದಿತು, ಆಮೇಲೆ ಸಭೆಗೆ ಸಭೆಯೇ ನಕ್ಕಿತು. ಮೋನಮ್ಮ ಕಣ್ಣು ಮುಚ್ಚಿ ಆ ನಗುವನ್ನು ಕೇಳಿದಳು, ಬಾಯಾರಿದವಳು ಕೊಡವೆತ್ತಿ ನೀರು ಕುಡಿಯುವ ಹಾಗೆ. "ಒತ್ತವ್ವಾ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಮನ್ಸೂರಅಲಿ ಕಿವಿಯ ಹತ್ತಿರ ಉಸುರಿದ.

ಆಗ ಮುಂದಿನ ಸಾಲಿನಲ್ಲಿ ಮುದುಕ ಎದ್ದ.

"ಯಾರಪಾ ಅವ?" ಎಂದ. ಪೊರೆ ಬಂದ ಕಣ್ಣುಗಳು ಪರದೆಯ ಮೇಲಿದ್ದವು. "ಯಾವಾಗಿಂದ ನಿಂತಾನ. ಯಾರೂ ಮಾತಾಡಸವಲ್ರಿ."

"ಅಪ್ಪಾ, ಅದು ನೀವ," ಎಂದ ಸಂಗಣ್ಣ. ಮುದುಕ ಕೇಳಿಸಿಕೊಳ್ಳಲಿಲ್ಲ. ಕೈಗಳನ್ನು ಜೋಡಿಸಿ ಎದೆಯ ಮಟ್ಟಕ್ಕೆ ತಂದ.

"ಶರಣಪಾ, ಶರಣು. ಕೈ ಇಳಸು."

ಗೋಡೆಯ ಮೇಲಿನವನು ಇಳಿಸಲಿಲ್ಲ.

"ನಾ ಶರಣಂದ್ನೆಲ್ಲಪಾ, ಕೇಳಸಲಿಲ್ಲೇನು?" ದನಿ ಸಣ್ಣದಾಗುತ್ತ ಬಂತು. "ನನ್ನಿಂದ ಏನರ ತಪ್ಪಾತೇನಪಾ? ಇಳಸು."

ನಗು ನಿಂತುಹೋಯಿತು. ಸಂಗಣ್ಣ ಅಪ್ಪನ ತೋಳು ಹಿಡಿದು ಕೂರಿಸಲು ನೋಡಿದ. ಮುದುಕ ಕೊಸರಿಕೊಂಡ. "ಬಿಡೋ. ಅವ ಇಳಸೂತನಕ ನಾ ಹೆಂಗ ಇಳಸ್ಲಿ?"

ಮನ್ಸೂರಅಲಿ ತಾನೇ ಗುಂಡಿ ಒತ್ತಲು ಕೈ ಚಾಚಿದ. ಮೋನಮ್ಮ ಕೀಲಿಮಣೆಯನ್ನು ಎಳೆದು ಮಡಿಲಲ್ಲಿಟ್ಟುಕೊಂಡು ಸೆರಗು ಮುಚ್ಚಿದಳು. ಅವಳ ಎಣಿಕೆ ಇನ್ನೂ ಇನ್ನೂರಕ್ಕೂ ಬಂದಿರಲಿಲ್ಲ. ಅಂದು ಬಿಸಿಲು ನೆತ್ತಿಯಿಂದ ಬೆನ್ನಿಗೆ ಇಳಿದಿತ್ತು. ಎಣಿಸುತ್ತ ಹೋದಳು, ನಡುವೆ ಒಮ್ಮೆ ಲೆಕ್ಕ ತಪ್ಪಿತು, ಮತ್ತೆ ಒಂದರಿಂದ ಹಿಡಿದಳು.

ಪರದೆಯ ಬೆಳಕು ಮುದುಕನ ಮುಖದ ಮೇಲೆ ಬೀಳುತ್ತಿತ್ತು. ಶಾಲು ಒಂದು ಹೆಗಲಿನಿಂದ ಜಾರಿತು, ಆಮೇಲೆ ಇನ್ನೊಂದರಿಂದ, ನೆಲಕ್ಕೆ ಬಿದ್ದು ಅವನ ಪಾದಗಳ ಸುತ್ತ ಮುದ್ದೆಯಾಯಿತು. ಎತ್ತಿಕೊಳ್ಳಲು ಅವನ ಕೈಗಳು ಬಿಡುವಾಗಿರಲಿಲ್ಲ.