ಕೈತಾನನ ಎರಡನೆಯ ದನಿ

ನನ್ನ ತಮ್ಮ ಕೈತಾನ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ೨೦೦೬ರ ನವೆಂಬರ್ ತಿಂಗಳ ಒಂದು ಬೆಳಿಗ್ಗೆ, ಕಾರವಾರದ ಇಗರ್ಜಿಯ ಅಂಗಳದಲ್ಲಿ. ಪೂಜೆ ಮುಗಿದಿತ್ತು. ಸತ್ತವರನ್ನು ನೆನೆಯುವ ತಿಂಗಳಾದ್ದರಿಂದ ಅಪ್ಪ ಅಮ್ಮನ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿ, ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದೆ. ಪಾದ್ರಿಗಳ ಮನೆಗೆ ಅಂಕೋಲೆಯಿಂದ ಫೋನು ಬಂದಿದೆ ಎಂದು ಯಾರೋ ಓಡಿ ಬಂದರು. ಅಂಕೋಲೆಯ ಪಕ್ಕದ ಕೇಣಿಯಲ್ಲಿ ತನ್ನ ಮನೆಯ ಬಾವಿಕಟ್ಟೆಯ ಹತ್ತಿರ ಮುಖ ತೊಳೆಯುತ್ತಿದ್ದವನು ಹಾಗೆಯೇ ಕುಸಿದನಂತೆ. ತಲೆಯೊಳಗಿನ ರಕ್ತನಾಳ ಒಡೆದಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ನಾನು ಹಬ್ಬುವಾಡದ ನನ್ನ ಮನೆಗೂ ಹೋಗದೆ ಬಸ್ಸು ಹತ್ತಿದೆ. ಅರ್ಗಾ ದಾಟುವವರೆಗೂ ಅಳು ಬರಲಿಲ್ಲ. ಜಪಸರ ಕೈಯಲ್ಲಿತ್ತು, ಯಾವ ಮಣಿಯಲ್ಲಿದ್ದೇನೆಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ನಾನು ಕನ್ನಡ ಶಾಲೆಯಲ್ಲಿ ಅಕ್ಕೋರಾಗಿ ನಿವೃತ್ತಳಾದವಳು. ಇಗರ್ಜಿಯಲ್ಲಿ ಹಾಡುವ ಕೆಲಸಕ್ಕೆ ಮಾತ್ರ ನಿವೃತ್ತಿ ಸಿಕ್ಕಿಲ್ಲ. ನಾತಾಳದ, ಅಂದರೆ ಕ್ರಿಸ್‌ಮಸ್ಸಿನ, ಹಾಡುಗಳನ್ನು ವಾದ್ಯವಿಲ್ಲದೆ, ನಿಧಾನವಾಗಿ, ಎರಡು ದನಿಗಳಲ್ಲಿ ಹಾಡುವುದು ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಬಂದ ರೂಢಿ. ಮೊದಲ ದನಿ ಹಾಡಿನ ರಾಗವನ್ನು ಹಿಡಿಯುತ್ತದೆ. ಎರಡನೆಯ ದನಿ ಅದರ ಕೆಳಗೆ, ಬೇರೆ ಸ್ವರಗಳಲ್ಲಿ, ಅದಕ್ಕೆ ಆಸರೆಯಾಗಿ ನಡೆಯುತ್ತದೆ. ಮೊದಲನೆಯದು ನನ್ನದು, ಎರಡನೆಯದು ಕೈತಾನನದು. ಚಿಕ್ಕವರಿದ್ದಾಗಿನಿಂದಲೂ ಹಾಗೆಯೇ.

ಈಗಿನ ಮಕ್ಕಳು ಕೀಬೋರ್ಡಿನ ತಾಳಕ್ಕೆ ಓಡಿಸಿ ಹಾಡುವುದನ್ನು ಕೇಳಿ, "ಬಾಯೀ, ನಮ್ಮ ಮನೆಯ ರೀತಿ ನಮ್ಮ ಸಂಗಡವೇ ಮಣ್ಣಿಗೆ ಹೋಗುವುದು ಬೇಡ. ಒಂದು ಸೀಡಿ ಮಾಡುವ" ಎಂದು ಅಕ್ಕನಾದ ನನಗೆ ಹೇಳಿದವನು ಅವನೇ. ಅವನ ಸ್ನೇಹಿತ ನಿತೇಶ ಅಂಕೋಲೆಯಲ್ಲಿ ಮದುವೆಗಳ ವೀಡಿಯೋ ತೆಗೆಯುವವನು. ಅವನು ಅಕ್ಟೋಬರ್ ತಿಂಗಳಲ್ಲಿ ಮೈಕು, ಕಂಪ್ಯೂಟರು ತಂದು ಕೇಣಿಯ ಮನೆಯ ಹೊರಕೋಣೆಯಲ್ಲಿ ಇಟ್ಟ. ಆಗ ನನ್ನ ಗಂಟಲು ಕಟ್ಟಿತ್ತು. "ನಿನ್ನ ಗಂಟಲಿಗೆ ಕಾದರೆ ಈಸ್ಟರ್ ಬಂದೀತು. ನನ್ನ ಪಾಲನ್ನು ನಾನು ಹಾಡಿಡುತ್ತೇನೆ, ನಿನ್ನದನ್ನು ಆಮೇಲೆ ಕೂಡಿಸು" ಎಂದು ಫೋನಿನಲ್ಲಿ ತಮಾಷೆ ಮಾಡಿದ. ಹಾಗೆಯೇ ತನ್ನ ದನಿಯನ್ನಷ್ಟೇ ಹಾಡಿಟ್ಟ.

ಡಿಸೆಂಬರಿನಲ್ಲಿ ಅವನ ತಿಂಗಳ ಪೂಜೆಯಾಯಿತು. ಪೂಜೆಗೆ ಬಂದವರು ಕಾಫಿ ಕುಡಿದು ಹೋದ ಮೇಲೆ ಕೇಣಿಯ ಮನೆಯಲ್ಲಿ ಉಳಿದವರು ನಾನು, ಕೈತಾನನ ಹೆಂಡತಿ ಕರ್ಮೆಲಿನಾ, ಮತ್ತು ನಿತೇಶ. ಅವನು ಚೀಲದಿಂದ ಒಂದು ಸೀಡಿ ತೆಗೆದು, "ಇದು ನಿಮ್ಮತ್ರ ಇರ್ಲಿ ವೈನಿ. ಕೇಳೂದಿದ್ರೆ ಕೇಳಿ, ಇಲ್ಲಾಂದ್ರೆ ಇಟ್ಕಳ್ಳಿ" ಎಂದು ಕರ್ಮೆಲಿನಾಳ ಕಡೆ ಚಾಚಿದ.

"ಈಗಲೇ ಹಾಕು" ಎಂದಳು ಕರ್ಮೆಲಿನಾ.

ಮೊದಲು ಕಾಲಿನಿಂದ ನೆಲ ತಟ್ಟುವ ಸದ್ದು ಬಂತು. ಅದರ ಹಿಂದೆ ಕೈತಾನನ ದನಿ. ಕುರುಬರು ಮಂದೆ ಬಿಟ್ಟು ಯೇಸು ಹುಟ್ಟಿದ ಗೋದಲಿಗೆ ಹೊರಟ ಹಾಡು ಅದು. ಕರ್ಮೆಲಿನಾ ನಾಲ್ಕು ಸಾಲು ಕೇಳಿದವಳು ಕೈಯನ್ನು ಬಾಯಿಗೆ ಒತ್ತಿಕೊಂಡಳು.

"ಇದು ಆ ಹಾಡಲ್ಲ. ರಾಗ ಎಲ್ಲೋ ಹೋಗಿದೆ."

ನಿತೇಶ ತಲೆ ತಗ್ಗಿಸಿದ. "ನಂಗೂ ಆವತ್ತೇ ಸೂರ ಅತ್ತಿತ್ತ ಆದಂಗೆ ಅನಸ್ತು. ಅವ್ರು ಅಷ್ಟು ಖುಷಿಲಿ ಹಾಡ್ತಿದ್ರು, ಹೇಳೂಕೆ ಬಾಯಿ ಬರ್ಲಿಲ್ಲ."

"ಹಾಗಾದರೆ ಆಗಲೇ ಅವರ ತಲೆಯೊಳಗೆ ಶುರುವಾಗಿತ್ತು." ಕರ್ಮೆಲಿನಾಳ ಮುಖ ಬಿಳಿಚಿತು. "ಒಳಗೆ ಮೀನು ಕೊಯ್ಯುತ್ತ ನಾನೂ ಕೇಳಿದ್ದೆ. ಇವತ್ತು ಏನೋ ವಕ್ರ ಹಾಡುತ್ತಾರಲ್ಲ ಅಂತ ನಕ್ಕೆ ಬಾಯೀ! ನಕ್ಕೆನೇ ಹೊರತು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ."

"ಅದು ಎರಡನೆಯ ದನಿ, ಕರ್ಮೆಲಿನಾ. ಒಂದನ್ನೇ ಕೇಳಿದರೆ ಹಾಗೆಯೇ ಇರುತ್ತದೆ."

"ನನಗೆ ಸಮಾಧಾನ ಹೇಳಬೇಡಿ. ಇಷ್ಟು ವರ್ಷ ಅವರ ಹಿಂದಿನ ಬೆಂಚಿನಲ್ಲೇ ಕೂತು ಕೇಳಿದವಳು ನಾನು. ಒಂದು ದಿನವೂ ಹೀಗೆ ಹಾಡಿದ್ದಿಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಹಾಡಿಟ್ಟ ಆ ದಿನದವರೆಗೆ ಆ ದನಿಯನ್ನು ನನ್ನ ದನಿಯಿಲ್ಲದೆ ಅವಳು ಎಂದೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮಾತಿನಿಂದ ಅವಳನ್ನು ನಂಬಿಸುವ ದಾರಿ ಉಳಿದಿರಲಿಲ್ಲ, ಹಾಡಿಯೇ ತೋರಿಸಬೇಕಿತ್ತು. ಆದರೆ ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ನಾವು ನಕ್ಷತ್ರದ ಗೂಡು ಕಟ್ಟುವುದಿಲ್ಲ, ಸಿಹಿ ನೆವ್ರಿ ಕರಿಯುವುದಿಲ್ಲ, ನಾತಾಳದ ಹಾಡನ್ನಂತೂ ಎತ್ತುವುದೇ ಇಲ್ಲ. ಎಷ್ಟೋ ಮನೆಗಳಿಗೆ ಈ ನಿಯಮವನ್ನು ನಾನೇ ನೆನಪಿಸಿದ್ದೇನೆ. ಮನೆಯ ಪ್ರಾರ್ಥನಾ ಪೀಠವಾದ ಅಲ್ತಾರಿನ ಮೇಲಿನ ಯೇಸುವಿನ ಪಟವನ್ನು ನೋಡಿದೆ. ಮಾಡದ ತಪ್ಪನ್ನು ಈ ಹೆಣ್ಣು ಬದುಕಿರುವಷ್ಟು ಕಾಲ ಹೊರಬೇಕೇ?

"ಕರ್ಮೆಲಿನಾ, ನಾನು ಇದರ ಸಂಗಡ ಹಾಡಲೇ?"

"ಈ ಮನೆಯಲ್ಲಿ? ನೀವು ಆಡುವ ಮಾತೇ ಇದು? ಊರು ಏನಂದೀತು!"

"ಊರಿಗೆ ನಾನು ಉತ್ತರ ಹೇಳುತ್ತೇನೆ. ದೇವರಿಗೂ ನಾನೇ ಹೇಳುತ್ತೇನೆ. ನೀನು ಹೂಂ ಅನ್ನು."

ಅವಳು ಹೂಂ ಎನ್ನಲಿಲ್ಲ, ಬೇಡ ಎಂದೂ ಎನ್ನಲಿಲ್ಲ. ನಿತೇಶ ಹಾಡನ್ನು ಮೊದಲಿನಿಂದ ಹಾಕಿದ.

ಕಾಲು ತಟ್ಟುವ ಸದ್ದನ್ನು ಎಣಿಸಿ ನಾನು ಮೆಲ್ಲನೆ ಎತ್ತಿದೆ. ಮೊದಲ ಸಾಲಿನಲ್ಲಿ ನನ್ನ ದನಿ ನಡುಗಿ ಜಾರಿತು. ಎರಡನೆಯ ಸಾಲಿಗೆ, ದೋಣಿ ಹತ್ತುವವರ ಮೊಣಕೈಗೆ ಕೈ ಕೊಟ್ಟ ಹಾಗೆ ಕೈತಾನ ಕೆಳಗಿನಿಂದ ಬಂದು ಹಿಡಿದ. ವಕ್ರವೆಂದು ಕಂಡ ಸ್ವರಗಳು ಒಂದೊಂದಾಗಿ ತಮ್ಮ ಜಾಗದಲ್ಲಿ ಕುಳಿತವು. ಚರಣದ ನಡುವೆ ಒಂದು ಕಡೆ ನನಗೆ ಯಾವಾಗಲೂ ಉಸಿರು ಸಾಲುವುದಿಲ್ಲ. ಅಲ್ಲಿ ಅವನು ಹಾಡನ್ನು ನಿಲ್ಲಿಸಿ, ಕಾಲನ್ನಷ್ಟೇ ತಟ್ಟುತ್ತ, ನನಗಾಗಿ ಕಾದಿದ್ದ.

ಹಾಡು ಮುಗಿದಾಗ ಮೊದಲು ಬಾಯಿ ಬಿಟ್ಟವನು ನಿತೇಶ. "ಥೋ ಅಕ್ಕೋರೆ, ಇಷ್ಟೇನಾ! ನಾ ಎಂಥಾ ಪೆದ್ದ!"

ಕರ್ಮೆಲಿನಾ ಕಣ್ಣು ಒರೆಸಿಕೊಂಡು ನನ್ನನ್ನೇ ನೋಡಿದಳು. "ಅಲ್ಲಿ ನಿಂತರಲ್ಲ, ಅದು ನಿಮ್ಮ ಉಸಿರಿಗಾಗಿ?"

"ಹೌದು."

"ತಲೆ ಕೆಟ್ಟವರಿಗೆ ಅದು ನೆನಪಿರುತ್ತದೆಯೇ?"

"ಇರುವುದಿಲ್ಲ. ಅವನು ಆ ದಿನ ಗಟ್ಟಿಯಾಗಿಯೇ ಇದ್ದ, ಕರ್ಮೆಲಿನಾ."

ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಳ್ಳುತ್ತ, "ಜಾರಿದ್ದು ನೀವು, ಬಾಯೀ. ಮೊದಲ ಸಾಲಿನಲ್ಲಿ. ಅವರು ಎಲ್ಲಿಯೂ ಜಾರಲಿಲ್ಲ" ಎಂದಳು.

"ನನಗೆ ವಯಸ್ಸಾಯಿತಲ್ಲ."

"ಅವರು ಇದ್ದಿದ್ದರೆ ನಿಮ್ಮನ್ನು ಈಸ್ಟರ್ ತನಕ ಆಡಿಕೊಳ್ಳುತ್ತಿದ್ದರು."

ಬೇಲಿಯ ಆಚೆ ನೆರೆಮನೆಯ ಗಂಗೂ ಬಂದು ನಿಂತಿದ್ದಳು. ಊರಿನ ಮಾತು ಶುರುವಾಯಿತು ಎಂದುಕೊಂಡೆ. ಅವಳು, "ಕೈತಾನಣ್ಣನ ದನಿ ಅಲ್ವನಾ? ಇನ್ನೊಂದ್ಸಲಿ ಹಾಕೂದಾ?" ಎಂದು ಕೇಳಿದಳು.

ಉಳಿದ ಹಾಡುಗಳಿಗೆ ನನ್ನ ದನಿಯನ್ನು ಯಾವಾಗ ಕೂಡಿಸುವುದೆಂದು ನಿತೇಶ ಕೇಳಿದ. "ವರ್ಷ ತುಂಬಲಿ" ಎಂದಳು ಕರ್ಮೆಲಿನಾ. "ಮುಂದಿನ ನಾತಾಳಕ್ಕೆ ಮಾಡುವ. ಅಲ್ಲಿಯ ತನಕ ಕಂಪ್ಯೂಟರಿನಲ್ಲಿ ಜೋಪಾನವಾಗಿಡು. ಏನನ್ನೂ ತಿದ್ದಬೇಡ."

ಅವನು ಹೋದ ಮೇಲೆ ನಾವಿಬ್ಬರೂ ಅಲ್ತಾರಿನ ಮುಂದೆ ಮೊಣಕಾಲೂರಿದೆವು. ಪ್ರಾರ್ಥನೆಯನ್ನು ನಾನು ಹೇಳಿದೆ: ಕರ್ತನೇ, ನಿನ್ನ ದಾಸ ಕೈತಾನ ತನ್ನ ದನಿಯನ್ನು ಎಂದೂ ಮುಂದೆ ಮಾಡಲಿಲ್ಲ, ಇನ್ನೊಬ್ಬರಿಗೆ ಆಸರೆಯಾಗಿ ಹಾಡಿದ. ಅವನಲ್ಲಿ ಕುಂದುಗಳಿದ್ದರೆ ಮನ್ನಿಸು. ನಿನ್ನ ಸನ್ನಿಧಿಯಲ್ಲಿ ಅವನಿಗೆ ಬೆಳಕನ್ನೂ ವಿಶ್ರಾಂತಿಯನ್ನೂ ಕೊಡು. ಅವನ ಆತ್ಮ ನಿನ್ನಲ್ಲಿ ಶಾಂತವಾಗಿರಲಿ. ಆಮೆನ್.