ಮಂಗಳೂರಿಗೆ ಹೋದ ಬಾಟಲಿ

ಸೈನಬ ಬಾಗಿಲಿನ ಪರದೆ ಸರಿಸುವಷ್ಟರಲ್ಲಿ ಮಯ್ಯತ್ತನ್ನು ಹೊತ್ತವರು ಅಂಗಳ ದಾಟಿ ರಸ್ತೆಗೆ ಇಳಿದಿದ್ದರು. ಮೈಮೂನಮ್ಮ ಕಿಟಕಿಯ ಸರಳು ಹಿಡಿದು ನೋಡಿದಳು. ಮೂವತ್ತು ವರ್ಷ ಮೂಡುಬಿದಿರೆಯ ದವಾಖಾನೆಯಲ್ಲಿ ಕಂಪೌಂಡರನಾಗಿದ್ದ ಗಂಡ ಮೂಸಾ ನಾಲ್ವರ ಹೆಗಲ ಮೇಲೆ ಮಸೀದಿಯ ಕಡೆ ಹೊರಟಿದ್ದ. ಅದೇ ಹೊತ್ತಿಗೆ ಬೆಳ್ತಂಗಡಿ ಬಸ್ಸಿನಿಂದ ಇಳಿದ ಹುಡುಗಿಯೊಬ್ಬಳು ಓಡಿ ಬಂದು, ರಸ್ತೆಯ ಬದಿಯಲ್ಲಿ ನಿಂತು ಕೈಮುಗಿದಳು.

"ಅದು ಯಾರಕ್ಕ?" ಮೈದುನನ ಹೆಂಡತಿ ಸೈನಬ ಕೇಳಿದಳು.

"ತೋಡಾರಿನ ಪ್ರೇಮಾವತಿ. ಈಗ ಬೆಳ್ತಂಗಡಿಯಲ್ಲಿ ಟೀಚರು."

"ಓ, ಆ ಬಾಟಲಿಯ ಹುಡುಗಿಯಾ?"

ಮೈಮೂನಮ್ಮ ಕಿಟಕಿಯಿಂದ ಸರಿದು ಗೋಡೆಗೆ ಒರಗಿ ಕೂತಳು.

* * *

ಆರು ವರ್ಷದ ಹಿಂದೆ, ಅರವತ್ತೆರಡನೇ ಇಸವಿಯಲ್ಲಿ, ಪ್ರೇಮಾವತಿಗೆ ಹದಿನೇಳು. ಕೆಲವು ದಿನ ಬೆಳಿಗ್ಗೆ ಕಣ್ಣು ಬಿಟ್ಟರೆ ಕೈಕಾಲು ಅಲುಗುತ್ತಿರಲಿಲ್ಲ. ಎರಡು ದಿನ ಹಾಗೇ ಬಿದ್ದಿದ್ದು ಆಮೇಲೆ ತಾನಾಗಿ ಏಳುತ್ತಿದ್ದಳು. ಮನೆಯವರು ಭೂತದ ಉಪದ್ರ ಎಂದರು. ನೆರೆಯವರು ಮದುವೆ ತಪ್ಪಿಸಿಕೊಳ್ಳುವ ನಾಟಕ ಎಂದರು. ಮೂಸಾ ಎರಡು ಸಂಗತಿ ಗಮನಿಸಿದ್ದ. ಹುಡುಗಿ ವಿಪರೀತ ನೀರು ಕುಡಿಯುತ್ತಾಳೆ. ಎಳನೀರು ಕುಡಿಸಿದರೆ ಬೇಗ ಎದ್ದು ಕೂರುತ್ತಾಳೆ.

"ಭೂತಕ್ಕೆ ಕೊಡುವುದನ್ನು ಕೊಡಿ ಶೆಟ್ರೇ, ನಾನು ಬೇಡ ಅನ್ನುವುದಿಲ್ಲ," ಎಂದ ಮೂಸಾ, ಅವಳ ತಂದೆ ಲೋಕಯ್ಯ ಶೆಟ್ಟರಿಗೆ. "ಒಂದು ದಿನದ ಮೂತ್ರ ಮಾತ್ರ ಪೂರ್ತಿ ನನಗೆ ಕೊಡಿ, ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸುತ್ತೇನೆ."

ದೊಡ್ಡ ಗಾಜಿನ ಬಾಟಲಿಯನ್ನು ಹೆಗಲ ಬೈರಾಸಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಮಂಗಳೂರು ಬಸ್ಸಿನಲ್ಲಿ ಕೂತ. "ಜೇನಾ ಬ್ಯಾರಿಗಳೇ?" ಎಂದು ಪಕ್ಕದವನು ಕೇಳಿದ. ಮೂಸಾನಿಗೆ ಸುಳ್ಳು ಬರುತ್ತಿರಲಿಲ್ಲ. ಪಕ್ಕದವನು ಎದ್ದು ಹಿಂದಿನ ಸೀಟಿಗೆ ಹೋದ. ಸಂಜೆಯೊಳಗೆ ಪೇಟೆಯೆಲ್ಲ ನಗುತ್ತಿತ್ತು.

"ನಾನು ನಾಳೆ ಮುಖ ಎಲ್ಲಿಡುವುದು?" ಮೈಮೂನಮ್ಮ ಸಿಡಿದಿದ್ದಳು.

"ಇದ್ದಲ್ಲೇ ಇರಲಿ ಮಾರಾಯ್ತಿ. ಮೊನ್ನೆ ಆ ಮಗುವಿನ ಕುತ್ತಿಗೆಯೂ ನಿಲ್ಲಲಿಲ್ಲ. ಇನ್ನೊಂದು ಸಲ ಉಸಿರೇ ನಿಂತರೆ?"

ಅವಳು ಮೂರು ದಿನ ಮಾತು ಬಿಟ್ಟಳು. ಅವನು ಮತ್ತೆ ಮೂರು ಸಲ ಬಸ್ಸು ಹತ್ತಿದ.

* * *

ಪ್ರೇಮಾವತಿ ಒಳಗೆ ಬಂದು ಮೈಮೂನಮ್ಮನ ಎದುರು ಕೂತಳು. ತುಸು ಹೊತ್ತು ಇಬ್ಬರೂ ಅತ್ತರು.

"ಮಂಗಳೂರಿನಲ್ಲಿ ನಡೆದದ್ದನ್ನು ಮೂಸಾಕ ನಿಮಗೆ ಹೇಳಿದ್ದಾರಾ?"

"ಮೈಯ ಉಪ್ಪು ಸೋರ್ತದೆ ಅಂದಿದ್ರು. ಅಷ್ಟೇ."

"ಕಡೆಯ ಸಲ ನನ್ನನ್ನೂ ಕರ್ಕೊಂಡು ಹೋಗಿದ್ರು. ದೊಡ್ಡ ಡಾಕ್ಟರು ಕಲಿಯುವ ಹುಡುಗರನ್ನೆಲ್ಲ ಕರೆದು ನಿಲ್ಲಿಸಿದರು. ರಕ್ತದಲ್ಲಿ ಪೊಟ್ಯಾಸಿಯಂ ಅಂತ ಉಂಟಂತೆ. ಅದು ಕಡಿಮೆಯಾದ್ರೆ ಕೈಕಾಲಿಗೆ ಬಲ ಇಲ್ಲ. ಮೂತ್ರಪಿಂಡದ ಸಣ್ಣ ಸಣ್ಣ ಕೊಳವೆಗಳಲ್ಲಿರುವ ಜೀವಕೋಶಗಳು ಅದನ್ನು ಹಿಡಿದು ರಕ್ತಕ್ಕೇ ವಾಪಸು ಕೊಡಬೇಕು. ನನ್ನವು ಹೊರಗೆ ಬಿಟ್ಟುಬಿಡ್ತವೆ. ಇಷ್ಟು ವಿವರಿಸಿ, 'ಇದನ್ನು ಮೊದಲು ಪತ್ತೆ ಮಾಡಿದ್ದು ನಾನಲ್ಲ' ಅಂದರು. ಬಾಗಿಲ ಹತ್ತಿರ ನಿಂತಿದ್ದ ಮೂಸಾಕನನ್ನು ಕರೆದು ತಮ್ಮ ಕುರ್ಚಿಯಲ್ಲಿ ಕೂರಿಸಿದರು."

"ಇವರು ಕೂತ್ರಾ?"

"ತುದಿಯಲ್ಲಿ ಕೂತ್ರು. ಟೊಪ್ಪಿ ಸರಿ ಮಾಡ್ಕೊಂಡ್ರು. ಹುಡುಗರೆಲ್ಲ ಇವರು ಹೇಳಿದ್ದನ್ನು ಬರ್ಕೊಂಡ್ರು."

ಗೋಡೆಗೆ ಒರಗಿದ್ದ ಮೈಮೂನಮ್ಮ ನೆಟ್ಟಗೆ ಕೂತಳು. "ಕೇಳಿದಿಯಾ ಸೈನಬ? ಡಾಕ್ಟರ ಕುರ್ಚಿಯಲ್ಲಿ." ಕೋಣೆಯಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಅವಳು ಇನ್ನೊಮ್ಮೆ, ಎಲ್ಲರಿಗೂ ಕೇಳುವಂತೆ, ಹೇಳಿದಳು.

"ಮದ್ದು ಅವರ ಕಪಾಟಿನಲ್ಲೇ ಇತ್ತು," ಎಂದಳು ಪ್ರೇಮಾವತಿ. "ಉರಿಮೂತ್ರಕ್ಕೆ ಕೊಡುವ ಆ ಉಪ್ಪುಪ್ಪು ನೀರು. ಎಳನೀರಿನ ಹಾಗೆ ಅದರಲ್ಲೂ ಪೊಟ್ಯಾಸಿಯಂ ಉಂಟಂತೆ. ಆರು ವರ್ಷ ತಾವೇ ಕಲಸಿ ಕೊಟ್ಟರು. ಹೋದ ತಿಂಗಳು ನನಗೇ ಅಳತೆ ಕಲಿಸಿದರು. 'ನಾನಿಲ್ಲದಿದ್ದರೂ ನಡೀಬೇಕಲ್ಲ' ಅಂದರು."

ಹೊರಗೆ ನೆರೆಮನೆಯವರು ಗಂಜಿಯ ಪಾತ್ರೆ ಇಳಿಸಿದರು. ದಫನಕ್ಕೆ ಹೋದ ಗಂಡಸರು ಮರಳುವ ಹೊತ್ತಾಗಿತ್ತು. ಕೈಕಾಲು ತೊಳೆಯಲು ಹಂಡೆಯಲ್ಲಿ ನೀರಿರಲಿಲ್ಲ. ಪ್ರೇಮಾವತಿ ಎದ್ದಳು.

"ನೀನು ಬೇಡ ಮಗಳೇ, ಆಳದ ಬಾವಿ. ಬೇರೆ ಯಾರಾದರೂ ಸೇದಲಿ."

ಅವಳು ಆಗಲೇ ಮೆಟ್ಟಿಲು ಇಳಿದಿದ್ದಳು. ಮೈಮೂನಮ್ಮ ಕಿಟಕಿಗೆ ಬಂದಳು. ಬಾವಿಕಟ್ಟೆಯ ಮೇಲೆ ಒಂದು ಕಾಲೂರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪ್ರೇಮಾವತಿ ಹಗ್ಗ ಎಳೆಯುತ್ತಿದ್ದಳು. ಒಂದು ಕೈಯ ಮೇಲೆ ಇನ್ನೊಂದು ಕೈ. ರಾಟೆ ಕಿರುಗುಟ್ಟುತ್ತಿತ್ತು. ತುಂಬಿದ ಕೊಡಪಾನ ಮೇಲೆ ಬಂತು, ಹಂಡೆಗೆ ಸುರಿಯಿತು, ಮತ್ತೆ ಇಳಿಯಿತು.