ಧಣಿ ಮನೆ ನೆಟ್ಟು, ಕಂಬಣ್ಣನ ಸೂರು

"ಎಡಕ್ಕೆ ತಿರುಗ್ಸೋ. ನಿನ್ನ ಎಡ ಅಲ್ಲೋ ಬೋಳಿಮಗನೆ, ನನ್ನ ಎಡ."

ಧಣಿ ತಗ್ಗಿನಲ್ಲಿ ತನ್ನ ಮನೆಯಂಗಳದಲ್ಲಿ ನಿಂತು ಕೂಗುತ್ತಿದ್ದ. ಮೇಲೆ ಬಂಡೆಯ ನೆತ್ತಿಯಲ್ಲಿ, ತನ್ನದೇ ಮನೆಯ ತಗಡಿನ ಸೂರಿನ ಮೇಲೆ, ಡಿಶ್ ಕಟ್ಟಿದ ಕಬ್ಬಿಣದ ಕಂಬವನ್ನು ತಬ್ಬಿಕೊಂಡು ಕಂಬಣ್ಣ ನಿಂತಿದ್ದ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಕಂಬದ ಜೊತೆ ಸಂಸಾರ ಶುರುವಾದ ಮೇಲೆ ಆ ಹೆಸರಿಗೆ ಕರೆಯುವವರೂ ಇರಲಿಲ್ಲ, ಓಗೊಡುವವನೂ ಇರಲಿಲ್ಲ.

ಆದದ್ದಿಷ್ಟೇ. ಧಣಿಯ ಮನೆ ನೀರು ನೆರಳು ನೋಡಿ ತಗ್ಗಿನಲ್ಲಿ ಕಟ್ಟಿದ್ದು. ತನ್ನ ಕಲ್ಲುಕ್ವಾರಿಯ ಆಳುಗಳನ್ನು, ಕಂಬಣ್ಣನನ್ನೂ ಸೇರಿಸಿ, ಇಟ್ಟಿದ್ದು ಬೋಳು ಬಂಡೆಯ ಮೇಲೆ. ಇಂಟರ್ನೆಟ್ ಹಾಕೋಕೆ ಬಂದ ಲೈನ್‌ನವನು ಧಣಿ ಮನೆಯನ್ನು ಸುತ್ತಿ ಸುತ್ತಿ ನೋಡಿ, ಟವರು ಗುಡ್ಡದಾಚೆ ಇದೆ, ಇಲ್ಲಿಗೆ ಕಾಣಲ್ಲ, ಆ ಮೇಲಿನ ತಗಡಿನ ಮನೆಗೆ ಮಾತ್ರ ಕಾಣುತ್ತೆ ಅಂದ. ಹೀಗೆ ಧಣಿಗಿಲ್ಲದ ಭಾಗ್ಯವೊಂದು ಕಂಬಣ್ಣನ ಮನೆಗೆ ಬಂತು. ಅದನ್ನೂ ಸಂಜೆಯೊಳಗೆ ವೈರು ಎಳೆದು ಕೆಳಗಿಳಿಸಿಕೊಂಡರು.

ಗಾಳಿ ಎದ್ದರೆ ಗೋಡೆ ಅಲ್ಲಾಡುತ್ತಿತ್ತು, ಗೋಡೆಯ ಜೊತೆ ಸೂರು, ಸೂರಿನ ಜೊತೆ ಕಂಬ. ಕಂಬ ಅಲ್ಲಾಡಿದರೆ ಧಣಿ ಮನೆಯ ಟೀವಿಯಲ್ಲಿ ಹೀರೋ ಬಾಯಿ ತೆರೆದುಕೊಂಡು ನಿಂತುಬಿಡುತ್ತಿದ್ದ. ಗೋಡೆಗೆ ಸಿಮೆಂಟು ಹಾಕಿಸಿ ಅಂತ ಲೈನ್‌ನವನು ಹೇಳಿದ. ಧಣಿ ಗೋಡೆ ನೋಡಿದ. ಕಂಬಣ್ಣನನ್ನು ನೋಡಿದ.

"ಇವನಿದಾನಲ್ಲ," ಅಂದ.

ಅವತ್ತಿನಿಂದ ಗಾಳಿ ಎದ್ದಾಗೆಲ್ಲ ಕಂಬಣ್ಣ ಸೂರು ಹತ್ತಿದ. ಎಷ್ಟು ಅಲುಗದೆ ನಿಲ್ಲೋದು ಕಲಿತನೆಂದರೆ, ಒಂದು ಕಾಗೆ ಅವನ ತಲೆ ಮೇಲೆ ಕಡ್ಡಿ ತಂದು ಜೋಡಿಸತೊಡಗಿತ್ತು. ಅವನೂ ಓಡಿಸಲಿಲ್ಲ. ಗೂಡಿಗೆ ಜಾಗ ಸಾಲದು ಅಂತ ಕಾಗೆಯೇ ಬಿಟ್ಟು ಹೋಯಿತು.

ಆ ಸೂರಿನ ಕೆಳಗೆ ಮಗಳು ಕೂತಿರುತ್ತಿದ್ದಳು. ಕ್ವಾರಿಯಲ್ಲಿ ಕಲ್ಲು ಉರುಳಿ ಕಾಲು ಜಜ್ಜಿಹೋದ ಮೇಲೆ ಅವಳ ಊರು ಕೇರಿ ಎಲ್ಲ ಹೊಸ್ತಿಲವರೆಗೆ. ಆಸ್ಪತ್ರೆಯ ನರ್ಸಮ್ಮ ಒಬ್ಬರು ಅವಳಿಗೊಂದು ಕೆಲಸ ಹುಡುಕಿಕೊಟ್ಟಿದ್ದರು. ಮನೆಯಲ್ಲೇ ಕೂತು ಕಂಪನಿಯ ಫೋನಿಗೆ ಉತ್ತರ ಹೇಳೋದು. ಕಾಲು ಬೇಡ, ಬಾಯಿ ಸಾಕು. ಆದರೆ ಮನೆಯಲ್ಲಿ ಒಳ್ಳೆ ನೆಟ್ ಇರಬೇಕು, ಒಂದು ದಿನ ಪರೀಕ್ಷೆ ಮಾಡ್ತೀವಿ ಅಂತ ಕಂಪನಿಯವರು ಅಂದಿದ್ದರು. ಅವಳ ಮೊಬೈಲಿಗೆ ಸಿಗ್ನಲ್ಲು ಬರುತ್ತಿದ್ದದ್ದು ಸಾಲ ಕೇಳುವವನನ್ನು ಕಂಡ ನೆಂಟನ ಹಾಗೆ, ಇಣುಕಿ ಹೋಗಿಬಿಡುತ್ತಿತ್ತು. ಅದೇ ಡಿಶ್ಶಿಂದ ಇನ್ನೊಂದು ವೈರು ಇಳಿಸಬಹುದು, ಧಣಿ ಹೂಂ ಅಂದರೆ ಸಾಕು ಅಂತ ಲೈನ್‌ನವನು ಹೇಳಿದ.

ಕಂಬಣ್ಣ ಹೋಗಿ ಅಂಗಳದಲ್ಲಿ ನಿಂತು ಕೇಳಿದ. ಧಣಿ ಹಲ್ಲಿಗೆ ಕಡ್ಡಿ ಹಾಕಿಕೊಂಡೇ ಮಾತಾಡಿದ.

"ನಮ್ಮ ನೆಟ್ಟನ್ನ ಎಂಜಲು ಮಾಡೋಕೆ ಬಂದ್ಯಾ? ಕುಂಟಿಗೆ ಕಂಪನಿ ಕೆಲಸ ಬೇರೆ ಕೇಡು. ಅವಳ ಪರೀಕ್ಷೆ ದಿನವೇ ಮ್ಯಾಚಿದೆ, ಹತ್ತಿ ಹಿಡ್ಕೊ ಹೋಗು."

ಅವತ್ತು ಗಾಳಿ ಇತ್ತು. ಕಂಬಣ್ಣ ಹತ್ತಿ ಹಿಡಿದುಕೊಂಡ. ಕಾಲಡಿಯ ತಗಡಿನ ಒಳಗಿಂದ ಮಗಳ ದನಿ ಕೇಳುತ್ತಿತ್ತು. "ಹಲೋ ಸರ್, ಕೇಳಿಸ್ತಿದೆಯಾ? ಹಲೋ. ನನಗೆ ನೀವು ಕೇಳಿಸ್ತಿಲ್ಲ ಸರ್. ಹಲೋ." ಆಮೇಲೆ, "ಇಳಿದು ಬಾರಪ್ಪ, ಮುಗೀತು," ಅಂದಳು.

ಅವನು ಇಳಿಯಲಿಲ್ಲ. ಮ್ಯಾಚು ಮುಗಿದಿರಲಿಲ್ಲ.

ಮುಂದಿನ ಸಲ ಗಾಳಿ ಎದ್ದಾಗ ಅವನು ಹತ್ತಲಿಲ್ಲ. ಹೊಸ್ತಿಲಲ್ಲಿ ಕೂತು ಉಳಿ ಮಸೆಯುತ್ತಿದ್ದ. ಕೆಳಗಿಂದ ಕೂಗಿ ಕೂಗಿ ಗಂಟಲು ಬಿದ್ದುಹೋಗಿ ಧಣಿಯೇ ಏದುಸಿರು ಬಿಡುತ್ತಾ ಬಂಡೆ ಹತ್ತಿ ಬಂದ. ಅವತ್ತು ಕ್ವಾರಿ ಲೈಸೆನ್ಸಿನ ಮೀಟಿಂಗು, ದೊಡ್ಡ ದೊಡ್ಡವರೆಲ್ಲ ಕಂಪ್ಯೂಟರಿನಲ್ಲಿ ಕೂತಿದ್ದರು, ಎದುರಿಗೆ ಧಣಿಯ ಮಗ. ಉಳಿದ ಆಳುಗಳೆಲ್ಲ ಕ್ವಾರಿ ಗುಂಡಿಯೊಳಗೆ ಕೆಲಸಕ್ಕಿದ್ದರು.

"ಹತ್ತೋ ಸೂಳೆಮಗನೆ."

"ಕೈ ಎತ್ತೋಕೆ ಬರ್ತಿಲ್ಲ ಧಣಿ," ಅಂದ ಕಂಬಣ್ಣ, ಉಳಿ ಮಸೆಯುತ್ತಲೇ.

ಧಣಿ ಅವನ ಮೂರು ತಲೆಮಾರು ಜಾಲಾಡಿ, ಪಂಚೆ ಎತ್ತಿ ಕಟ್ಟಿ, ತಾನೇ ಏಣಿ ಹತ್ತಿದ. ಸೂರಿನ ಹಿಂದೆ ಕ್ವಾರಿಯ ಗುಂಡಿ ಬಾಯಿ ಬಿಟ್ಟುಕೊಂಡಿತ್ತು. ಅದನ್ನು ಕಂಡವನೇ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. ಮೇಲಿರೋದು ಯಾರು ಅಂತ ಗೊತ್ತಿಲ್ಲದ ಮಗ ಕೆಳಗಿಂದ ಕೂಗಿದ.

"ಬಂತು. ಹಾಗೇ ಇರು. ಅಲುಗಿದ್ರೆ ಕಾಲು ಮುರಿದು ಕೈಗೆ ಕೊಡ್ತೀನಿ ನನ್ಮಗನೆ."

ಕಂಬಣ್ಣ ಎದ್ದು ಏಣಿ ತೆಗೆದು ಒಳಗೆ ತಂದ. ಮಗಳು ಅಕ್ಕಿ ತೊಳೆದು ಇಟ್ಟು ಹಸಿ ಸೌದೆ ಊದುತ್ತಾ ಕೂತಿದ್ದಳು. ಅವನು ಸುತ್ತಿಗೆ ತೆಗೆದುಕೊಂಡು ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಬಡಿದು ಬಿಚ್ಚಿ ಒಲೆಗೆ ಕೊಡತೊಡಗಿದ. ಒಣಗಿದ ಮರ, ಚೆನ್ನಾಗಿ ಹತ್ತಿಕೊಂಡಿತು. ಮೇಲೆ ತಗಡು ಕಿರುಗುಟ್ಟಿತು. ಧಣಿ ಮೊದಲು ಬೈದ, ಆಮೇಲೆ ಅಪ್ಪಾ ಅಂತ ಕರೆದ.

ಮಗಳು ಒಂದು ಅಗುಳು ತೆಗೆದು ಹಿಸುಕಿ ನೋಡಿದಳು.

"ಇನ್ನೂ ಬೆಂದಿಲ್ಲ. ಇನ್ನೊಂದು ಮೆಟ್ಟಿಲು ಕೊಡಪ್ಪ."